ಚಳಿಗಾಲದಲ್ಲಿ ಸೌದೆಯ ಸಂಗ್ರಹ

ಹಂದನಕೆರೆಯ ಸುತ್ತಮುತ್ತಣ ತೆಂಗಿನ ಸೀಮೆಯಲ್ಲಿ ಗರಿ, ಮಟ್ಟೆ, ಚಿಪ್ಪುಗಳು ಒಲೆಗೆ ಒದಗುವುವಾದರೂ, ಮಳೆಗಾಲದಲ್ಲಿ ಒಣಸೌದೆ ಸಾಲದೆ ಬೆರಣಿಗೆ ಕೈಹಾಕುವುದುಂಟು. ಉರಿದ ಸಗಣಿಯ ಸಾರಜನಕವು ಹೊಗೆಯೊಡನೆ ಹಾರಿಹೋಗಿ, ತೋಟಕ್ಕೆ ಬೂದಿಯಷ್ಟೇ ಉಳಿಯುವುದು. ಈ ನಷ್ಟವನ್ನು ತಪ್ಪಿಸಬೇಕಾದರೆ ಸೌದೆಯನ್ನು ಚಳಿಗಾಲದಲ್ಲಿಯೇ ಕೂಡಿಡತಕ್ಕದ್ದು.

ಬೇಲಿಯ ಹೊಂಗೆಯು ಇದಕ್ಕೆ ಅನುಕೂಲವಾದ ಮರವು. ಬುಡ ಕಡಿದ ಸರ್ವೆಯು ಸಾಮಾನ್ಯವಾಗಿ ಮತ್ತೆ ಚಿಗುರದು. ಹೊಂಗೆಯಾದರೋ ಸವರಿದಷ್ಟೂ ಚಿಗುರುವುದು. ಪುಷ್ಯಮಾಸದಲ್ಲಿ, ಹೊಸ ಚಿಗುರು ಹೊರಡುವುದಕ್ಕೆ ಮುಂಚೆ, ಕೊಂಬೆಗಳನ್ನು ಸವರತಕ್ಕದ್ದು. ಎಲ್ಲ ಮರಗಳನ್ನೂ ಒಂದೇ ವರ್ಷ ಬೋಳಿಸಿದರೆ ಹೊಂಗೆಬೀಜದ ಫಸಲು ಹೋಗುವುದು. ಆದುದರಿಂದ ಸಾಲನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಮಾತ್ರ ಮುಟ್ಟುವುದು ಲೇಸು. ಮೊದಲು ಕೊಂಬೆಯ ಅಡಿಯಲ್ಲಿ ಕಚ್ಚುಹಾಕಿ, ಬಳಿಕ ಮೇಲಿನಿಂದ ಓರೆಯಾಗಿ ಕತ್ತರಿಸಿದರೆ ತೊಗಟೆಯು ಸೀಳದು, ಮಳೆನೀರೂ ನಿಲ್ಲದು. ಸೊಪ್ಪು ತೆಂಗಿನ ಪಾತಿಗೆ ಗೊಬ್ಬರವಾಗುವುದು.

ದಪ್ಪ ಕೊರಡುಗಳನ್ನು ಸೀಳಿ, ಗೆದ್ದಲು ಹತ್ತದಂತೆ ಕಲ್ಲುಗಳ ಮೇಲೆ ಅಡ್ಡಡ್ಡವಾಗಿ ಪೇರಿಸಿ, ಬೇಸಗೆಯಲ್ಲಿ ಒಣಗಿಸಿ, ಮುಂಗಾರಿಗೆ ಮುಂಚೆ ಸೂರಿನಡಿ ಸೇರಿಸತಕ್ಕದ್ದು. ಹಸಿಸೌದೆಯ ಶಾಖವು ತನ್ನೊಳಗಿನ ನೀರನ್ನು ಕಾಯಿಸುವುದರಲ್ಲಿಯೇ ವ್ಯಯವಾಗಿ, ಅಡಿಗೆ ಮಾಡುವವರ ಕಣ್ಣಿಗೆ ಹೊಗೆಯೇ ಉಳಿಯುವುದು.

ಮರವನ್ನೇ ಉರುಳಿಸಬೇಕಾದಲ್ಲಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು. ಊರಿನ ಮುಖಂಡರು ತಮ್ಮ ಬೇಲಿಯ ಒಂದು ಸಾಲನ್ನು ಹೀಗೆ ಸವರಿ ತೋರಿಸಿದರೆ, ಉಳಿದ ರೈತರು ನೋಡಿ ಅನುಸರಿಸುವರು.