ನಕ್ಷತ್ರ ಆಮೆಯೂ ಜಿನೀವಾದ ತೀರ್ಮಾನವೂ

ಕ್ಯಾತಗಾನಚೆರ್ಲು ಕಡೆಯ ಕಲ್ಲುಗುಡ್ಡ, ಜಾಲಿ ಪೊದೆ, ಹುಲ್ಲುಬದುಗಳಂಥ ಒಣನೆಲ ನಕ್ಷತ್ರ ಆಮೆಗೆ ಹೇಳಿ ಮಾಡಿಸಿದ ಜಾಗ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುವ ಈ ಪ್ರಾಣಿ ಮಳೆ ಬಿದ್ದ ದಿನಗಳಲ್ಲಿ ಹೆಚ್ಚಾಗಿ ಓಡಾಡುತ್ತದೆ. ಹುಲ್ಲು, ಸೊಪ್ಪು, ಉದುರಿದ ಹಣ್ಣು ತಿಂದು ಬದುಕುತ್ತದೆ. ಓಡಿಹೋಗಲಾರದು, ಚೀಲಕ್ಕೆ ಹಾಕಿದರೆ ಕೂಗದು. ಕಳ್ಳಸಾಗಣೆಯವರಿಗೆ ಇದಕ್ಕಿಂತ ಅನುಕೂಲದ ಸರಕು ಇನ್ನೇನಿದೆ! ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರಕ್ಕಾಗಿ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಕಾಡಿನಿಂದ ಹಿಡಿಯಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು.

ಇದನ್ನು ತಡೆಯಲು ಅಂತಾರಾಷ್ಟ್ರೀಯ ಒಪ್ಪಂದವಿಲ್ಲವೆ ಎಂದು ಸದಸ್ಯರು ಕೇಳಬಹುದು. ಇದೆ. ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ‘ಸೈಟ್ಸ್’ ಒಪ್ಪಂದ 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಆಯಿತು. ಭಾರತ 1976ರಲ್ಲಿ ಸೇರಿತು. ಇದರ ಎರಡನೆಯ ಅನುಬಂಧದಲ್ಲಿರುವ ಜೀವಿಗಳನ್ನು ರಫ್ತು ಪರವಾನಗಿ ಪಡೆದು ಮಾರಬಹುದು. ಮೊದಲನೆಯ ಅನುಬಂಧದಲ್ಲಿದ್ದರೆ ಕಾಡಿನಿಂದ ಹಿಡಿದದ್ದನ್ನು ದೇಶದೇಶಗಳ ನಡುವೆ ಲಾಭಕ್ಕಾಗಿ ಮಾರುವಂತೆಯೇ ಇಲ್ಲ. ಕಾಫಿ ಬೆಳೆಯುವ ಸದಸ್ಯರಿಗೆ ಈ ಮಾತು ಹೊಸದಲ್ಲ. ತೋಟದಲ್ಲಿ ನೆರಳಿಗೆ ಬಿಟ್ಟಿರುವ ಬೀಟೆ ಮರ 2017ರ ಜನವರಿಯಿಂದ ಎರಡನೆಯ ಅನುಬಂಧದಲ್ಲಿದೆ.

ನಕ್ಷತ್ರ ಆಮೆಯೂ ದಶಕಗಳ ಕಾಲ ಆ ಎರಡನೆಯದರಲ್ಲೇ ಇತ್ತು. ನಮ್ಮ ದೇಶದ ಕಾನೂನು ಕಾಡಿನ ಆಮೆಯ ರಫ್ತಿಗೆ ಅವಕಾಶ ಕೊಟ್ಟಿರಲಿಲ್ಲ, ನಿಜ. ಆದರೆ ಕದ್ದು ಗಡಿ ದಾಟಿಸಿದ ಮೇಲೆ ‘ಇದು ಸಾಕಣೆಯಲ್ಲಿ ಹುಟ್ಟಿದ ಮರಿ’ ಎಂಬ ಕಾಗದವೊಂದು ಹುಟ್ಟಿಕೊಂಡರೆ ಕಳ್ಳಮಾಲು ಸಕ್ರಮವಾಗಿಬಿಡುತ್ತಿತ್ತು. ನೋಡಿದರೆ ಕಾಡಿನದಾವುದು, ಸಾಕಿದ್ದಾವುದು ಎಂದು ಹೇಳುವುದು ಸುಂಕದ ಅಧಿಕಾರಿಗೂ ಸುಲಭವಲ್ಲ.

ಈ ಕಿಂಡಿಯನ್ನು ಮುಚ್ಚಬೇಕೆಂದು ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಸೆನೆಗಲ್ ದೇಶಗಳು ಕೂಡಿ ಕೇಳಿದವು. 2019ರ ಆಗಸ್ಟಿನಲ್ಲಿ ಜಿನೀವಾ ಸಮ್ಮೇಳನ ಒಪ್ಪಿತು. ಅದೇ ನವೆಂಬರಿನಿಂದ ಆಮೆ ಮೊದಲನೆಯ ಅನುಬಂಧಕ್ಕೆ ಏರಿತು. ಈಗ ರಫ್ತಿನ ಜೊತೆಗೆ ಆಮದು ಮಾಡುವ ದೇಶದ ಪರವಾನಗಿಯೂ ಬೇಕು. ಸಾಕಣೆ ಮಾಡಿ ಮಾರುವವರು ಒಪ್ಪಂದದ ಕಾರ್ಯಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ನಮ್ಮ ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿ ಈ ಆಮೆಯನ್ನು ನಾಲ್ಕನೆಯ ಷೆಡ್ಯೂಲಿನಿಂದ ಮೊದಲನೆಯದಕ್ಕೆ ತಂದಿತು. ತಪ್ಪಿತಸ್ಥರಿಗೆ 3ರಿಂದ 7 ವರ್ಷ ಸೆರೆವಾಸ. ವಿಳಂಬವಾಗಿಯಾದರೂ ಆದ ಒಳ್ಳೆಯ ಕೆಲಸವೆಂದೇ ನನ್ನ ಅಭಿಪ್ರಾಯ.

ಆದರೆ ಒಮ್ಮೆ ಊರು ಬಿಟ್ಟ ಆಮೆಯನ್ನು ಮರಳಿ ನೆಲೆಗೊಳಿಸುವುದು ಎಷ್ಟು ಕಷ್ಟವೆಂಬುದನ್ನೂ ತಿಳಿಯಬೇಕು. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಬಂದವನ್ನು ಮೊದಲು ಬೇರೆಯಾಗಿಟ್ಟು ರೋಗರುಜಿನ ನೋಡಬೇಕು. ವಾಯವ್ಯ ಭಾರತದ ಆಮೆಯ ವಂಶವೇ ಬೇರೆ, ದಕ್ಷಿಣದ್ದೇ ಬೇರೆ. ಹಿಡಿದವನು ಎಲ್ಲಿಂದ ಹಿಡಿದೆ ಎಂದು ಬರೆದಿಟ್ಟಿರುತ್ತಾನೆಯೆ? ಸಿಕ್ಕ ಕಾಡಿಗೆ ಸುರಿದರೆ ತಳಿ ಬೆರೆಯುತ್ತದೆ, ರೋಗವೂ ಹರಡುತ್ತದೆ.

ಇನ್ನೊಂದು ಮಾತು. ಜಿನೀವಾದ ತೀರ್ಮಾನ ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಅನ್ವಯಿಸುತ್ತದೆಯೇ ಹೊರತು, ‘ಮನೆಯಲ್ಲಿ ಆಮೆ ಇದ್ದರೆ ಅದೃಷ್ಟ’ ಎಂದು ಪೇಟೆಯಲ್ಲಿ ಕೊಳ್ಳುವವರ ಮೇಲೆ ಅದಕ್ಕೆ ಹಿಡಿತವಿಲ್ಲ. ಅಲ್ಲಿ ನಮ್ಮ ಕಾಯಿದೆಯೇ ಗತಿ. ಮೂರು ಕಡೆ ಆಂಧ್ರ ಸುತ್ತಿರುವ ಪಾವಗಡದಂಥ ತಾಲ್ಲೂಕಿನಲ್ಲಿ ದಾರಿದಾರಿಗೂ ಕಾವಲು ಹಾಕುವುದು ಅರಣ್ಯ ಇಲಾಖೆಯಿಂದ ಆಗದ ಮಾತು. ಆಮೆ ಮೊದಲು ಕಣ್ಣಿಗೆ ಬೀಳುವುದು ದನ ಕಾಯುವ ಹುಡುಗನಿಗೆ, ಬದು ಸವರುವ ಆಳಿಗೆ. ಅವರಿಗೆ ವಿಷಯ ತಿಳಿಸಬೇಕಾದವರು ನಾವೇ. ಅಡಿಕೆ ತೋಟದ ಬೇಲಿ ಸಾಲಿನ ಒಣ ತರಗಿಗೆ ಬೆಂಕಿ ಇಡುವ ಮೊದಲು ಒಂದು ಸುತ್ತು ನೋಡಿಸಿ. ಆಮೆ ಕಂಡರೆ ಇದ್ದಲ್ಲೇ ಬಿಡಿ. ಕೊಳ್ಳಲು ಯಾರಾದರೂ ಬಂದರೆ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ. ಜೋಪಾನ ಮಾಡುತ್ತೇವೆಂದು ಸಂಘದ ಕಚೇರಿಗೆ ಹೊತ್ತು ತರುವುದಂತೂ ಬೇಡ.