ದಾನಿ ವೀರ್ಯದ ಗರ್ಭಧಾರಣೆ: ಯಶಸ್ಸಿನ ಲೆಕ್ಕ ಮತ್ತು ‘ಬಂಜೆ’ ಎಂಬ ಪದ

ಸಾಹಿತ್ಯದ ವಿದ್ಯಾರ್ಥಿನಿ ಆಸ್ಪತ್ರೆಯ ವಿಷಯ ಯಾಕೆ ಎತ್ತಿಕೊಂಡಳು ಅಂತ ನಿಮಗೆ ಅನಿಸಬಹುದು. ಕಾರಣ ಒಂದು ಪದ. ‘ಬಂಜೆ’ಗೆ ಬಳಕೆಯಲ್ಲಿ ಪುಲ್ಲಿಂಗ ಇಲ್ಲ. ‘ಷಂಡ’ ಅನ್ನುತ್ತೇವೆ, ಆದರೆ ಅದರ ಅರ್ಥ ಬೇರೆ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ, ವೀರ್ಯದಲ್ಲಿ ಮಾತ್ರ ವೀರ್ಯಾಣು ಇಲ್ಲದ ಗಂಡಸಿಗೆ ನಮ್ಮ ಮಾತಿನಲ್ಲಿ ಹೆಸರಿಲ್ಲ. ವೈದ್ಯರು ಈ ಸ್ಥಿತಿಯನ್ನು ಅಝೂಸ್ಪರ್ಮಿಯಾ ಅನ್ನುತ್ತಾರೆ. ಇಂಥವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ವೀರ್ಯಾಣು ಸಿಗುತ್ತದೆ. ಸಿಗದವರಿಗೆ ಉಳಿಯುವ ದಾರಿಗಳಲ್ಲಿ ದಾನಿಯ ವೀರ್ಯ ಒಂದು. (‘ಕೃತಕ ಗರ್ಭಧಾರಣೆ’ ಅಂದರೆ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ದನದ ಡಾಕ್ಟರೇ ನೆನಪಾಗೋದು, ಅದಕ್ಕೇ ಆ ಪದ ಬಿಟ್ಟಿದ್ದೇನೆ.)

ಈ ಚಿಕಿತ್ಸೆ ಫಲಿಸುವುದು ಯಾವುದರ ಮೇಲೆ ನಿಂತಿದೆ? ಫ್ರಾನ್ಸಿನಲ್ಲಿ 1973ರಲ್ಲಿ ಶುರುವಾದ ಸೆಕೋಸ್ ಎಂಬ ವೀರ್ಯ ಬ್ಯಾಂಕುಗಳ ಅಂಕಿಅಂಶ ಇಲ್ಲಿ ಸಹಾಯಕ್ಕೆ ಬರುತ್ತದೆ. ಗಂಡನಿಗೆ ವೀರ್ಯಾಣು ಇಲ್ಲದ, ಮೊದಲು ಹೆತ್ತಿರದ 2193 ಮಹಿಳೆಯರ ಅಧ್ಯಯನ 1982ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಹನ್ನೆರಡು ಋತುಚಕ್ರಗಳ ಚಿಕಿತ್ಸೆಯಲ್ಲಿ ಗರ್ಭ ನಿಲ್ಲುವ ಸಾಧ್ಯತೆ 25 ವರ್ಷದವರೆಗೆ ಶೇ. 73, 26ರಿಂದ 30ಕ್ಕೆ ಶೇ. 74, 31ರಿಂದ 35ಕ್ಕೆ ಸುಮಾರು ಶೇ. 61, ಅದರಾಚೆ ಸುಮಾರು ಶೇ. 54.

ಶೇ. 73 ಅಂದರೆ ಒಂದೇ ಸಲಕ್ಕೆ ಅಲ್ಲ, ಇದನ್ನು ಗಮನಿಸಬೇಕು. ನೂರು ಜನರಲ್ಲಿ ಪ್ರತಿ ಚಕ್ರಕ್ಕೆ, ಉಳಿದವರ ಪೈಕಿ ಹತ್ತರಲ್ಲಿ ಒಬ್ಬರಿಗೆ ನಿಂತರೂ ಆರು ಚಕ್ರಕ್ಕೆ 47, ಹನ್ನೆರಡಕ್ಕೆ 72 ಆಗುತ್ತದೆ. ಒಂದೆರಡು ಸಲ ಫಲಿಸದಿದ್ದರೆ ಸೋತಂತಲ್ಲ.

ಹೊತ್ತು ಇನ್ನೊಂದು ಅಂಶ. ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕುಗಳ ಪರೀಕ್ಷೆ ಆಗಬೇಕಾದ್ದರಿಂದ ಬ್ಯಾಂಕುಗಳು ದಾನಿಯ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುತ್ತವೆ. ಕರಗಿಸಿದ ಮೇಲೆ ಒಂದಷ್ಟು ವೀರ್ಯಾಣು ಸತ್ತಿರುತ್ತವೆ. ಉಳಿದವುಗಳಲ್ಲಿ ಎಷ್ಟು ಚುರುಕಾಗಿ ಓಡಾಡುತ್ತವೆ ಅನ್ನೋದೇ ಮುಖ್ಯ. ತಾಜಾ ವೀರ್ಯಾಣು ಹೆಣ್ಣಿನ ಒಡಲಲ್ಲಿ ಐದು ದಿನದವರೆಗೂ ಇದ್ದೀತು, ಕರಗಿಸಿದ್ದು ಸುಮಾರು ಒಂದು ದಿನ ಅಷ್ಟೆ. ಅಂಡದ ಆಯುಸ್ಸೂ ಅಷ್ಟೇ. ಹಾಗಾಗಿ ಸ್ಕ್ಯಾನ್ ನೋಡಿ, ಅಂಡ ಬಿಡುಗಡೆಯಾಗುವ ಇಂಜೆಕ್ಷನ್ ಕೊಟ್ಟು, ಸುಮಾರು 36 ಗಂಟೆಗೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುತ್ತಾರೆ. ಗರ್ಭಕೋಶದ ಬಾಯಲ್ಲಿ ಬಿಡುವುದಕ್ಕಿಂತ ಇದು ಹೆಚ್ಚು ಫಲಿಸುತ್ತದೆ. ಗರ್ಭನಾಳ ತೆರೆದಿರಲೇಬೇಕು. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿಬರುವವರಿಗೆ ಆ 36 ಗಂಟೆಯ ಲೆಕ್ಕದಲ್ಲಿ ರೈಲು, ರಜೆ, ಮನೆಯವರಿಗೆ ಹೇಳುವ ಸಬೂಬು ಎಲ್ಲ ಸೇರಿರುತ್ತದೆ.

ಈಗ ಪದಕ್ಕೆ ಮರಳುತ್ತೇನೆ. ಫ್ರೆಂಚ್ ಅಂಕಿಅಂಶ ಓದಿ ‘ಕೊನೆಗೂ ಹೆಣ್ಣಿನದೇ ತಪ್ಪು’ ಅನ್ನುವವರು ಇರುತ್ತಾರೆ. ಮಹಾಭಾರತದ ನಿಯೋಗ ಪ್ರಸಂಗದಲ್ಲೂ ಹಾಗೇ ಅಲ್ವಾ? ವ್ಯಾಸರ ರೂಪ ನೋಡಿ ಅಂಬಿಕೆ ಕಣ್ಣು ಮುಚ್ಚಿದ್ದಕ್ಕೆ ಮಗ ಕುರುಡ, ಅಂಬಾಲಿಕೆ ಬಿಳಿಚಿಕೊಂಡದ್ದಕ್ಕೆ ಮಗ ಪಾಂಡು. ಸಂತಾನವಿಲ್ಲದೆ ಸತ್ತ ವಿಚಿತ್ರವೀರ್ಯನ ಮೇಲೆ ಕತೆ ದೋಷ ಹೊರಿಸುವುದಿಲ್ಲ. ಎಂಥ ಹೆಸರು ನೋಡಿ! ನಾನು ಆ ಅಂಕಿಯನ್ನು ಓದುವುದು ಬೇರೆ ರೀತಿ. ಗಂಡನ ವೀರ್ಯಪರೀಕ್ಷೆ ಸುಲಭದ್ದು, ನೋವಿಲ್ಲದ್ದು. ಅದನ್ನು ಮುಂದೂಡಿ, ಹೆಂಡತಿಗೆ ವರ್ಷಗಟ್ಟಲೆ ಔಷಧ, ಹರಕೆ ಅಂತ ಅಲೆದಾಡಿಸಿದರೆ 28ರವಳು 36ರವಳಾಗುತ್ತಾಳೆ. 74 ಇದ್ದದ್ದು 54 ಆಗುವುದು ಆ ಕಾಲಹರಣದಲ್ಲಿ.

ನಮ್ಮ ದೇಶದಲ್ಲಿ 2021ರ ಕಾಯಿದೆ ಬಂದ ಮೇಲೆ ದಾನಿಯ ವಯಸ್ಸು 21ರಿಂದ 55ರೊಳಗೆ ಇರಬೇಕು. ಒಬ್ಬ ದಾನಿಯ ವೀರ್ಯ ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಹುಟ್ಟುವ ಮಗು ಕಾನೂನಿನ ಕಣ್ಣಲ್ಲಿ ಆ ದಂಪತಿಯದೇ. ಚಿಕಿತ್ಸೆಗೆ ಮುಂಚೆ ಲಿಖಿತ ಒಪ್ಪಿಗೆ ಬೇಕು. ಮಲಯಾಳಂ, ಇಂಗ್ಲಿಷ್ ಸಲೀಸಾಗಿ ಓದಲು ಬಾರದ ನಮ್ಮ ಕನ್ನಡದ ದಂಪತಿಗೆ ಆ ಪತ್ರ ಕನ್ನಡದಲ್ಲಿ ಸಿಗಬೇಕು. ಅದರಲ್ಲಿ ‘ಬಂಜೆತನ’ ಅಂತ ಬರೆಯುವುದು ಬೇಡ, ‘ಪತಿಯ ವೀರ್ಯದಲ್ಲಿ ವೀರ್ಯಾಣು ಕಂಡುಬಂದಿಲ್ಲ’ ಅಂತ ಇರಲಿ. ಇದಕ್ಕಿಂತ ಚಿಕ್ಕ ಪದ ಹೊಳೆದವರು ದಯವಿಟ್ಟು ಚರ್ಚೆಯಲ್ಲಿ ಹೇಳಿ.