ಅಪರೂಪಕ್ಕೆ ಓಡಿಸುವ ಪಿಕಪ್ ಗಾಡಿಯು ಚಾಲೂ ಆಗದಿರುವುದಕ್ಕೆ ಕಾರಣಗಳು ಮತ್ತು ಪರಿಹಾರಗಳು

ರೇಷ್ಮೆ ಗೂಡು, ಟೊಮೇಟೊ ಮುಂತಾದ ಮಾಲನ್ನು ಪೇಟೆಗೆ ಸಾಗಿಸುವುದಕ್ಕಾಗಿ ಡೀಸೆಲ್ ಪಿಕಪ್ ಗಾಡಿಯನ್ನು ಇಟ್ಟುಕೊಂಡಿರುವ ಹಿಡುವಳಿದಾರರು ಅನೇಕರುಂಟು. ಫಸಲಿನ ಕಾಲವನ್ನುಳಿದು ಮಿಕ್ಕ ದಿವಸಗಳಲ್ಲಿ ಈ ಗಾಡಿಯು ನಿಂತಲ್ಲಿಯೇ ನಿಂತಿರುತ್ತದೆ. ಮಾಲು ಹೊರಡಬೇಕಾದ ದಿನವೇ ಚಾಲೂ ಆಗದೆ ತೊಂದರೆ ಕೊಡುತ್ತದೆ. ಗೂಡು ಬಿಡಿಸಿದ ಮೇಲೆ ಹೆಚ್ಚು ದಿನ ಕಾಯುವಂತಿಲ್ಲ. ತಡವಾದರೆ ಚಿಟ್ಟೆಯು ಗೂಡನ್ನು ತೂತುಮಾಡಿ ಹೊರಬರುವುದರಿಂದ ನೂಲು ಬಿಚ್ಚುವುದಕ್ಕೆ ಬಾರದೆ ಬೆಲೆಯು ಕುಸಿಯುತ್ತದೆ.

ಇಂಥ ಸಮಯದಲ್ಲಿ ಕೀಲಿಯನ್ನು ಮೇಲಿಂದ ಮೇಲೆ ತಿರುಗಿಸುವುದು ಸರಿಯಲ್ಲ. ಹಾಗೆ ಮಾಡಿದರೆ ಬ್ಯಾಟರಿಯಲ್ಲಿ ಉಳಿದಿರುವ ಅಲ್ಪ ಶಕ್ತಿಯೂ ವೆಚ್ಚವಾಗಿ ಸೆಲ್ಫ್ ಮೋಟಾರು ಕಾಯುತ್ತದೆ. ಕೀಲಿಯನ್ನು ತಿರುಗಿಸಿದಾಗ ಇಂಜಿನು ಸುತ್ತುವುದೋ ಇಲ್ಲವೋ ಎಂಬುದನ್ನು ಮೊದಲು ಗಮನಿಸತಕ್ಕದ್ದು.

೧. ಇಂಜಿನು ಸುತ್ತದಿದ್ದರೆ

ದೋಷವು ಬಹುಮಟ್ಟಿಗೆ ಬ್ಯಾಟರಿಯದು. ಗಾಡಿಯು ನಿಂತಿದ್ದರೂ ಬ್ಯಾಟರಿಯ ಶಕ್ತಿಯು ತಾನಾಗಿಯೇ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಗಡಿಯಾರ ಮೊದಲಾದುವು ಇನ್ನಷ್ಟನ್ನು ಎಳೆದುಕೊಳ್ಳುತ್ತವೆ. ಹಾಗೆ ಬರಿದಾದ ಬ್ಯಾಟರಿಯನ್ನು ಬಹುದಿನ ಬಿಟ್ಟರೆ ಸೀಸದ ಫಲಕಗಳ ಮೇಲೆ ಗಟ್ಟಿಯಾದ ಹರಳು ಕಟ್ಟಿ, ಆಮೇಲೆ ಅದು ಪೂರ್ಣವಾಗಿ ಚಾರ್ಜನ್ನು ಹಿಡಿಯಲಾರದು.

ಮುಂದಿನ ದೀಪವನ್ನು ಹತ್ತಿಸಿ ಕೀಲಿಯನ್ನು ತಿರುಗಿಸಿರಿ. ದೀಪವು ಮಂಕಾಗಿ ಟಕಟಕ ಸದ್ದಾದರೆ ಬ್ಯಾಟರಿಯು ಬರಿದಾಗಿದೆ ಅಥವಾ ಅದರ ಟರ್ಮಿನಲ್‌ಗಳು ಕಿಲುಬಿವೆ. ದೀಪವು ಕುಂದದೆ ಉರಿಯುತ್ತಿದ್ದು ಇಂಜಿನು ಮಾತ್ರ ಸುತ್ತದಿದ್ದರೆ ಸೆಲ್ಫ್ ಮೋಟಾರು ಅಥವಾ ಅದರ ತಂತಿಗಳ ದೋಷವಾದುದರಿಂದ ಮೆಕ್ಯಾನಿಕನನ್ನು ಕರೆಯಿಸುವುದು ಯುಕ್ತ.

ಕಿಲುಬನ್ನು ಅಡಿಗೆ ಸೋಡಾ ಬೆರಸಿದ ಬಿಸಿನೀರಿನಿಂದ ತೊಳೆದು ಒರಸತಕ್ಕದ್ದು; ಆ ನೀರು ಬ್ಯಾಟರಿಯ ಒಳಕ್ಕೆ ಹೋಗಕೂಡದು. ತಂತಿ ಬಿಚ್ಚುವಾಗ ಋಣ (−) ತಂತಿಯನ್ನು ಮೊದಲು, ಜೋಡಿಸುವಾಗ ಅದನ್ನೇ ಕೊನೆಗೆ. ಮೀಟರಿನಲ್ಲಿ 12.6 ವೋಲ್ಟ್ ತೋರಿದರೆ ಬ್ಯಾಟರಿಯು ತುಂಬಿದೆ, 12.0 ಇದ್ದರೆ ಸುಮಾರು ಕಾಲು ಭಾಗ ಮಾತ್ರ ಉಳಿದಿದೆ.

ಬೇರೆ ಗಾಡಿಯ ಬ್ಯಾಟರಿಯಿಂದ ಶಕ್ತಿ ಪಡೆಯುವುದಾದರೆ ಅದೂ 12 ವೋಲ್ಟಿನದಾಗಿರಬೇಕು. 24 ವೋಲ್ಟಿನ ಲಾರಿಯಿಂದ ಕೂಡದು. ಕೆಂಪು ಕೇಬಲನ್ನು ಎರಡು ಬ್ಯಾಟರಿಗಳ ಧನ (+) ಟರ್ಮಿನಲ್‌ಗಳಿಗೆ ಜೋಡಿಸಿರಿ. ಕಪ್ಪು ಕೇಬಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣ ಟರ್ಮಿನಲ್ಲಿಗೂ, ಮತ್ತೊಂದನ್ನು ನಿಂತ ಗಾಡಿಯ ಇಂಜಿನಿನ ಬರಿಯ ಲೋಹಕ್ಕೂ ಜೋಡಿಸಿರಿ. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿ ತಗುಲಿದರೆ ಸಿಡಿಯುವುದರಿಂದ ಹತ್ತಿರದಲ್ಲಿ ಬೀಡಿ ಸೇದಕೂಡದು.

೨. ಇಂಜಿನು ಸುತ್ತಿಯೂ ಚಾಲೂ ಆಗದಿದ್ದರೆ

ಇಲ್ಲಿ ದೋಷವನ್ನು ಡೀಸೆಲಿನ ದಾರಿಯಲ್ಲಿ ಹುಡುಕತಕ್ಕದ್ದು.

(ಅ) ಟ್ಯಾಂಕಿಯಲ್ಲಿ ಡೀಸೆಲ್ ಇದೆಯೇ, ಇಲಿಗಳು ತಂತಿ ಅಥವಾ ಕೊಳವೆಯನ್ನು ಕಡಿದಿವೆಯೇ ಎಂದು ನೋಡಿರಿ.

(ಆ) ಅರೆ ತುಂಬಿದ ಟ್ಯಾಂಕಿಯ ಒಳಗೋಡೆಯಲ್ಲಿ ಗಾಳಿಯ ತೇವವು ನೀರಾಗಿ ಇಳಿದು ತಳದಲ್ಲಿ ನಿಲ್ಲುತ್ತದೆ. ನೀರೂ ಡೀಸೆಲೂ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಆ ಲೋಳೆಯು ಫಿಲ್ಟರನ್ನು ಕಟ್ಟುತ್ತದೆ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರನ್ನು ಬಸಿಯಿರಿ. ಲೋಳೆ ಕಂಡರೆ ಫಿಲ್ಟರನ್ನು ಬದಲಾಯಿಸಿರಿ.

(ಇ) ಕೊಳವೆಯಲ್ಲಿ ಗಾಳಿ ಸೇರಿದ್ದರೆ, ಕೈಪಂಪು ಇರುವ ಗಾಡಿಗಳಲ್ಲಿ ಅದು ಬಿಗಿಯಾಗುವವರೆಗೆ ಒತ್ತಿರಿ. ಇಂಜೆಕ್ಟರಿಗೆ ಹೋಗುವ ಕೊಳವೆಗಳನ್ನು ಮಾತ್ರ ತಾವಾಗಿ ಬಿಚ್ಚಬೇಡಿರಿ. ಅವುಗಳಲ್ಲಿ ಡೀಸೆಲಿನ ಒತ್ತಡವು ಚರ್ಮವನ್ನು ಭೇದಿಸುವಷ್ಟಿರುತ್ತದೆ.

(ಈ) ಚಳಿಯ ಬೆಳಗ್ಗೆ ಇಂಜಿನನ್ನು ಬಿಸಿಮಾಡುವ ಸುರುಳಿಯ ದೀಪವು ಆರುವವರೆಗೆ ತಾಳಿ, ಅನಂತರ ಕೀಲಿಯನ್ನು ತಿರುಗಿಸಿರಿ.

ಪ್ರತಿ ಸಲವೂ 10 ಸೆಕೆಂಡಿಗಿಂತ ಹೆಚ್ಚು ಕಾಲ ಸುತ್ತಿಸದೆ, ನಡುವೆ ಒಂದು ನಿಮಿಷ ಬಿಡುವು ಕೊಡತಕ್ಕದ್ದು.

೩. ಮುಂಜಾಗ್ರತೆ

ಹದಿನೈದು ದಿವಸಗಳಿಗೊಮ್ಮೆ ಗಾಡಿಯನ್ನು ಅರ್ಧ ಗಂಟೆ ರಸ್ತೆಯಲ್ಲಿ ಓಡಿಸತಕ್ಕದ್ದು. ನಿಂತಲ್ಲಿಯೇ ಐದು ನಿಮಿಷ ಚಾಲೂ ಇಟ್ಟರೆ ಪ್ರಯೋಜನ ಸಾಲದು. ಮುಚ್ಚಿದ ಕೊಟ್ಟಿಗೆಯಲ್ಲಿ ಹಾಗಿಟ್ಟರೆ ಹೊಗೆಯಲ್ಲಿನ ವಿಷಾನಿಲದಿಂದ ಪ್ರಾಣಾಪಾಯವುಂಟು. ತಿಂಗಳಿಗೂ ಹೆಚ್ಚು ಕಾಲ ನಿಲ್ಲಿಸುವುದಾದರೆ ಬ್ಯಾಟರಿಯನ್ನು ಪೂರ್ಣ ಚಾರ್ಜು ಮಾಡಿಸಿ ಋಣ ತಂತಿಯನ್ನು ಬಿಚ್ಚಿಡಿರಿ, ಟ್ಯಾಂಕಿಯನ್ನು ತುಂಬಿಡಿರಿ. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನಲ್ಲದೆ ಬಾವಿಯ ನೀರನ್ನು ಹಾಕಕೂಡದು.

ಗ್ರಾಮದ ಮುಖಂಡರು ಒಂದು ಜೊತೆ ಕೇಬಲನ್ನೂ ಒಂದು ಮೀಟರನ್ನೂ ಎಲ್ಲರ ಉಪಯೋಗಕ್ಕಾಗಿ ಊರಿನಲ್ಲಿ ಇರಿಸುವುದು ಮೇಲು. ಹಿಡುವಳಿದಾರರಾದರೋ, ಮಾಲು ಹೊರಡುವುದಕ್ಕೆ ಮೂರು ದಿನ ಮುಂಚಿತವಾಗಿಯೇ ಗಾಡಿಯನ್ನು ಚಾಲೂ ಮಾಡಿ ಪರೀಕ್ಷಿಸತಕ್ಕದ್ದು. ಆಗ ದೋಷವೇನಾದರೂ ಕಂಡರೆ ಸರಿಪಡಿಸಿಕೊಳ್ಳುವುದಕ್ಕೆ ಅವಕಾಶವಿರುತ್ತದೆ.